ನಲವತ್ತೆಂಟನೇ ಮೊಳೆ

ಗಾಜಿನಂಗಡಿಯ ಯಜಮಾನನಿಗೆ ಹೆತ್ತವರು ಇಟ್ಟ ಹೆಸರು ಏನಿತ್ತೋ, ಬೀದಿಯವರೆಲ್ಲ ಅವನನ್ನು ಕರೆಯುತ್ತಿದ್ದದ್ದು ನೀರಣ್ಣ ಎಂದು. ಹಾಗಂತ ಅವನೇನೂ ನೀರು ಮಾರುತ್ತಿರಲಿಲ್ಲ. ಕಿಟಕಿಗೆ ಗಾಜು, ಗೋಡೆಗೆ ಕನ್ನಡಿ, ಸತ್ತವರ ಫೋಟೋಗೆ ಚೌಕಟ್ಟು, ಇಷ್ಟೇ ಅವನ ವ್ಯಾಪಾರ. ಆದರೆ ಗಿರಾಕಿಯೊಬ್ಬ ತಾನೇ ತಪ್ಪು ಅಳತೆ ಕೊಟ್ಟು ಕೊನೆಗೆ ಇವನ ಮೇಲೆಯೇ ಎಗರಾಡಿದ ಅನ್ನಿ, ಇವನು ತಿರುಗಿ ಒಂದು ಮಾತೂ ಆಡದೆ ಮೇಜಿನ ಕೆಳಗಿನ ಬಾಟಲಿ ಎತ್ತಿ ಬಾಯಿ ತುಂಬ ನೀರು ತುಂಬಿಕೊಂಡು ನಿಂತುಬಿಡುತ್ತಿದ್ದ. ನುಂಗುವುದೂ ಇಲ್ಲ, ಉಗುಳುವುದೂ ಇಲ್ಲ. ಕೆನ್ನೆ ಎರಡೂ ಉಬ್ಬಿಸಿಕೊಂಡು, ಕಣ್ಣು ಮಿಟುಕಿಸುತ್ತಾ, ಗಿರಾಕಿ ಕೂಗಿ ಕೂಗಿ ಸುಸ್ತಾಗಿ ಹೋಗುವವರೆಗೂ ಹಾಗೇ. ಆಮೇಲೆ ಗುಟುಕ್ಕನೆ ನುಂಗಿ ಕೆಲಸಕ್ಕೆ ಕೈ ಹಾಕುತ್ತಿದ್ದ. ಎದುರಿನ ಚಪ್ಪಲಿ ಅಂಗಡಿಯವನು ಈ ತಮಾಷೆ ನೋಡಲೆಂದೇ ಜಗಳಗಂಟ ಗಿರಾಕಿಗಳನ್ನು ಹುಡುಕಿ ಹುಡುಕಿ ಇತ್ತ ಕಳಿಸುತ್ತಿದ್ದ.

ಏಳು ವರ್ಷದ ಹಿಂದೆ ಇದೇ ಮನುಷ್ಯನನ್ನು ನೋಡಿದ್ದವರಿಗೆ ಇದನ್ನು ನಂಬುವುದು ಕಷ್ಟ. ಆಗ ಕೋಪ ಅವನ ಮೂಗಿನ ತುದಿಯಲ್ಲೇ ಇರುತ್ತಿತ್ತು. ಊಟ ಐದು ನಿಮಿಷ ತಡವಾದರೆ ತಟ್ಟೆ ಹಾರುತ್ತಿತ್ತು. ಬಾಗಿಲು ಬಡಿದ ರಭಸಕ್ಕೆ ಅವನೇ ಕೂರಿಸಿದ ಗಾಜು ಒಡೆದು, ಅವನೇ ಮತ್ತೆ ಕೂರಿಸುತ್ತಿದ್ದ. ಕೋಪ ಇಳಿದ ಮೇಲೆ ಅಷ್ಟೇ ಜೋರಾಗಿ ಅಳುತ್ತಿದ್ದ. ನಗಲು ಶುರುಮಾಡಿದರೆ ಬೀದಿಯ ಕೊನೆಗೆ ಕೇಳುತ್ತಿತ್ತು. ಒಬ್ಬಳೇ ಮಗಳು, ಅವಳು ಚಿಕ್ಕವಳಿದ್ದಾಗ ಹೆಗಲ ಮೇಲೆ ಕೂರಿಸಿಕೊಂಡು, ಬೇರೆಯವರ ಕಿಟಕಿಗಳನ್ನೆಲ್ಲ ತೋರಿಸಿ, ಇದು ನಾನು ಹಾಕಿದ್ದು, ಇದು ಯಾವನೋ ದಡ್ಡ ಹಾಕಿದ್ದು ಎಂದು ಪರಿಚಯ ಮಾಡಿಸುತ್ತಿದ್ದ.

ಮಗಳಿಗೆ ಹತ್ತೊಂಬತ್ತು ತುಂಬಿದಾಗ ಅಂಗಡಿಯಲ್ಲಿ ಅವನ ಜೊತೆ ಕೈಜೋಡಿಸತೊಡಗಿದಳು. ಒಂದು ಬೆಳಿಗ್ಗೆ ಯಾವುದೋ ಶಾಲೆಯ ಕಿಟಕಿಗಳ ಅಳತೆ ಬರೆದು ತಂದಳು. ಬರೆಯುವಾಗ ಒಂದು ಬೆರಳಗಲ ಹೆಚ್ಚುಕಮ್ಮಿಯಾಗಿತ್ತು. ಅವನು ಕೊಯ್ದ ಮೂರು ದೊಡ್ಡ ಗಾಜು ದಂಡವಾದವು. "ಒಂದು ಬೆರಳಗಲ ನೋಡೋಕೆ ಕಣ್ಣಿಲ್ವಾ ನಿಂಗೆ!" ಎಂದು ಕೂಗಿ ಅವಳನ್ನು ದಬ್ಬಿದ. ಅವಳು ಹೋಗಿ ಬಿದ್ದದ್ದು ಗೋಡೆಗೆ ಒರಗಿಸಿಟ್ಟಿದ್ದ ಗಾಜಿನ ಹಾಳೆಗಳ ಮೇಲೆ. ಬಲಗೈ ಮೊಣಕೈಯಿಂದ ಮಣಿಕಟ್ಟಿನವರೆಗೆ ಸೀಳಿಹೋಯಿತು. ಡಾಕ್ಟರು ಹೊಲಿದರು, ಆದರೆ ಕೊನೆಯ ಎರಡು ಬೆರಳು ಇವತ್ತಿಗೂ ಮಡಚುವುದಿಲ್ಲ. ಅವನು ಆಸ್ಪತ್ರೆಯ ಹೊರಗಿನ ಮೆಟ್ಟಿಲ ಮೇಲೆ ಮೂರು ದಿನ ಕೂತಿದ್ದ, ಒಳಗೆ ಕಾಲಿಡಲಿಲ್ಲ. ನಾಲ್ಕನೆಯ ದಿನ ಮಗಳು ಅಲ್ಲಿಂದಲೇ ಬಸ್ಸು ಹತ್ತಿ, ಎರಡು ಗಂಟೆ ದೂರದ ಊರಿನಲ್ಲಿದ್ದ ಚಿಕ್ಕಮ್ಮನ ಮನೆಗೆ ಹೋದಳು.

ಅವನ ಚರ್ಚಿನಲ್ಲಿ ಹಳೆಯ ಪಾದ್ರಿ ಅಯ್ಯನವರು ಶುರುಮಾಡಿದ್ದ ಒಂದು ಕೂಟವಿತ್ತು. ಕುಡಿತ ಬಿಡಬೇಕೆನ್ನುವವರು, ಜೂಜು ಬಿಡಬೇಕೆನ್ನುವವರು, ಸುಳ್ಳು ಬಿಡಬೇಕೆನ್ನುವವರು ಶನಿವಾರ ಬೆಳಿಗ್ಗೆ ಅಯ್ಯನವರ ಕೋಣೆಯಲ್ಲಿ ಸೇರುತ್ತಿದ್ದರು. ಗೋಡೆಯ ಮೇಲೆ ಉದ್ದನೆಯ ಒಂದು ಹಲಗೆ, ಅದರಲ್ಲಿ ಐವತ್ತೆರಡು ಮೊಳೆ, ಒಬ್ಬೊಬ್ಬರಿಗೆ ಒಂದೊಂದು ಹಿತ್ತಾಳೆ ಬಿಲ್ಲೆ. ವಾರವಿಡೀ ಪಾಪದಿಂದ ತಪ್ಪಿಸಿಕೊಂಡವನು ತನ್ನ ಬಿಲ್ಲೆಯನ್ನು ಒಂದು ಮೊಳೆ ಮುಂದಕ್ಕೆ ಹಾಕಬೇಕು. ಎಡವಿದವನು ಎಲ್ಲರೆದುರು ಒಪ್ಪಿಕೊಂಡು ಒಂದನೇ ಮೊಳೆಗೆ ಇಳಿಸಬೇಕು. ಐವತ್ತೆರಡು ದಾಟಿದರೆ ಬಿಲ್ಲೆಯ ಮೇಲೆ ಒಂದು ಕೆಂಪು ಚುಕ್ಕೆ, ಮತ್ತೆ ಮೊದಲಿಂದ. ಕುಡುಕ ದರ್ಜಿಯ ಬಿಲ್ಲೆ ಏಳನೇ ಮೊಳೆ ದಾಟಿದ್ದನ್ನು ಕಂಡವರಿಲ್ಲ. ಅವನು ತಿಂಗಳಿಗೊಮ್ಮೆ ಒಂದನೇ ಮೊಳೆಗೆ ಬಂದು, ಗಳಗಳನೆ ಅತ್ತು, ಮೂಗು ಒರೆಸಿಕೊಂಡು, ಪ್ರಾರ್ಥನೆಯಲ್ಲಿ ಎಲ್ಲರಿಗಿಂತ ಜೋರಾಗಿ ಹಾಡುತ್ತಿದ್ದ. ನೀರಣ್ಣನ ಬಿಲ್ಲೆಯ ಮೇಲೆ ಆರು ಚುಕ್ಕೆಗಳಿದ್ದವು.

ಮಗಳು ಹೋದ ವಾರವೇ ಅವನು ಕೂಟಕ್ಕೆ ಸೇರಿದ್ದ. ಏಳು ವರ್ಷ ಒಂದೇ ಒಂದು ಸಲವೂ ಸಿಟ್ಟಾಗದೆ ಇದ್ದು ತೋರಿಸಿ, ಆಮೇಲೆ ಅವಳ ಮುಂದೆ ಹೋಗಿ ನಿಲ್ಲುತ್ತೇನೆ ಎಂದು ಹಟ ತೊಟ್ಟ. ಏಳೇ ಯಾಕೆ ಎಂದು ಅವನನ್ನು ಯಾರೂ ಕೇಳಲಿಲ್ಲ, ಅವನೂ ಕೇಳಿಕೊಳ್ಳಲಿಲ್ಲ. ಬಾಯಲ್ಲಿ ನೀರು ತುಂಬಿಕೊಳ್ಳುವ ಉಪಾಯವೂ ಅವನದೇ. ಬಾಯಲ್ಲಿ ನೀರಿದ್ದರೆ ಮಾತು ಹೊರಡುವುದಿಲ್ಲ, ಮಾತು ಹೊರಡದಿದ್ದರೆ ಕೈ ಏಳುವುದಿಲ್ಲ. ಈ ಲೆಕ್ಕಾಚಾರ ಸರಿಯಾಗಿಯೇ ಇತ್ತು, ಅದನ್ನು ಒಪ್ಪಬೇಕು.

ಆದರೆ ಕೋಪವೊಂದನ್ನೇ ಹೊರಗಟ್ಟಿ ಉಳಿದದ್ದನ್ನೆಲ್ಲ ಒಳಗಿಟ್ಟುಕೊಳ್ಳುವ ಜಾಣತನ ದೇಹಕ್ಕೆ ಇಲ್ಲವೋ ಏನೋ. ಎರಡನೇ ವರ್ಷದಲ್ಲಿ ಅವನ ನಗು ನಿಂತುಹೋಯಿತು. ಅದು ನಿಂತದ್ದು ಅವನಿಗೇ ಗೊತ್ತಾಗಲಿಲ್ಲ, ಹೆಂಡತಿಗೆ ಗೊತ್ತಾಯಿತು. ಮೂರನೇ ವರ್ಷ ಒಡಹುಟ್ಟಿದ ಅಣ್ಣ ತೀರಿಕೊಂಡ. ಸಮಾಧಿಯ ಹತ್ತಿರ ನಿಂತು, ಅಗೆದ ಗುಂಡಿಯ ಅಂಚು ನೆಟ್ಟಗಿದೆಯೋ ಇಲ್ಲವೋ ಎಂದು ನೋಡುತ್ತಿದ್ದ. ಅಳು ಬರಲಿಲ್ಲ, ಬರಲಿಲ್ಲವಲ್ಲ ಎಂದೂ ಅನ್ನಿಸಲಿಲ್ಲ. ತಟ್ಟೆಗೆ ಏನು ಬಡಿಸಿದರೂ ತಿನ್ನುತ್ತಿದ್ದ. ಒಮ್ಮೆ ಹೆಂಡತಿ ಬೇಕೆಂದೇ ಉಪ್ಪು ಹಾಕದೆ ಬಡಿಸಿದಳು. ಅದನ್ನೂ ತಿಂದು, ಕೈ ತೊಳೆದು, ಅಂಗಡಿಗೆ ಹೋದ. ಅವಳು ಆ ದಿನ ಅಡುಗೆಮನೆಯಲ್ಲಿ ಕೂತು ಅತ್ತಳು. ಚರ್ಚಿನಲ್ಲಿ ಮಾತ್ರ ಎಲ್ಲರೂ ಅವನನ್ನು ಹೊಗಳುತ್ತಿದ್ದರು. ಪಾಪವನ್ನು ಗೆದ್ದ ಮನುಷ್ಯ ಎಂದು ಹೊಸಬರಿಗೆ ತೋರಿಸುತ್ತಿದ್ದರು. ಅವನು ತಲೆ ಆಡಿಸುತ್ತಿದ್ದ. ಹೊಗಳಿಕೆಯೂ ಉಪ್ಪಿಲ್ಲದ ಊಟದ ಹಾಗೆಯೇ ಒಳಗಿಳಿಯುತ್ತಿತ್ತು.

ಐದನೇ ವರ್ಷ ಮಗಳ ಮದುವೆಯಾಯಿತು. "ಅಪ್ಪ ಬಂದು ನನ್ನ ಕೈ ಹಿಡ್ಕೊಂಡು ಚರ್ಚಿನೊಳಗೆ ಕರ್ಕೊಂಡು ಹೋಗ್ಲಿ" ಎಂದು ಅವಳು ತಾಯಿಯ ಕೈಲಿ ಹೇಳಿಕಳಿಸಿದಳು. ಇನ್ನೂ ಎರಡು ವರ್ಷ ಬಾಕಿ ಇದೆ ಎಂದು ಅವನು ಹೋಗಲಿಲ್ಲ. ತಾನೇ ಕೊಯ್ದು, ಅಂಚು ಉಜ್ಜಿ, ಚೌಕಟ್ಟು ಕಟ್ಟಿದ ಆಳೆತ್ತರದ ಕನ್ನಡಿಯೊಂದನ್ನು ಹೆಂಡತಿಯ ಜೊತೆ ಕಳಿಸಿದ. ಮಗಳನ್ನು ಚಿಕ್ಕಮ್ಮನ ಗಂಡ ಕೈ ಹಿಡಿದು ಕರೆದೊಯ್ದ.

ಈಗ ಅವಳಿಗೆ ಹೆಣ್ಣು ಕೂಸು ಹುಟ್ಟಿ ಎರಡು ತಿಂಗಳಾಗಿತ್ತು. ಕೂಸಿನ ದೀಕ್ಷಾಸ್ನಾನ ತಾನು ಬೆಳೆದ ಚರ್ಚಿನಲ್ಲೇ ಆಗಬೇಕೆಂದು ಪಟ್ಟು ಹಿಡಿದು ಬರುವ ಭಾನುವಾರಕ್ಕೆ ಗೊತ್ತುಮಾಡಿಸಿದ್ದಳು. ಮನೆಯ ಹಿರಿಯ ಮಗುವನ್ನು ಎತ್ತಿಕೊಂಡು ಮುಂದೆ ಬಂದು, ಅಯ್ಯನವರು ಕೇಳುವುದಕ್ಕೆ ಉತ್ತರ ಹೇಳಿ, ಅವರ ಕೈಗೆ ಕೊಡುವುದು ಆ ಚರ್ಚಿನ ಪದ್ಧತಿ. ಅಪ್ಪನೇ ಎತ್ತಿಕೊಳ್ಳಬೇಕು ಎಂದು ಅವಳು ಹೇಳಿಕಳಿಸಿದಳು. ಐದು ವಾರ ಮುಂದಕ್ಕೆ ಹಾಕಿದರೆ ಏಳು ವರ್ಷ ತುಂಬುತ್ತದೆ, ಆಗ ಎತ್ತಿಕೊಳ್ಳುತ್ತೇನೆ ಎಂದು ಇವನು ತಿರುಗಿ ಹೇಳಿಕಳಿಸಿದ. ಅದಕ್ಕೆ ಅವಳಿಂದ ಉತ್ತರ ಬರಲಿಲ್ಲ.

ಗುರುವಾರ ಅಯ್ಯನವರೇ ಅಂಗಡಿಗೆ ಬಂದರು. ಇವರು ಹೊಸಬರು, ಮೂವತ್ತೆರಡರ ಪ್ರಾಯ. ಬಂದ ವರ್ಷವೇ ಸುಣ್ಣ ಹೊಡೆಸುವ ನೆಪದಲ್ಲಿ ಆ ಮೊಳೆಯ ಹಲಗೆಯನ್ನು ಇಳಿಸಿ ಮೂಲೆಗೆ ಸೇರಿಸಿದ್ದರು. ಸುಣ್ಣ ಆರುವ ಮೊದಲೇ ಕೂಟದವರು ಅದನ್ನು ಸ್ವಸ್ಥಾನಕ್ಕೆ ಏರಿಸಿದ್ದರು. ಅಂದಿನಿಂದ ಅವರು ಅದರ ತಂಟೆಗೆ ಹೋಗಿರಲಿಲ್ಲ. ಕೋಣೆಯ ಕಿಟಕಿಗೆ ಒಂದು ಗಾಜು ಬೇಕೆಂದು ಅಳತೆಯ ಚೀಟಿ ಕೊಟ್ಟರು. ನೀರಣ್ಣ ಹಾಳೆಯನ್ನು ಮೇಜಿನ ಮೇಲೆ ಮಲಗಿಸಿ, ಪಟ್ಟಿ ಒತ್ತಿಹಿಡಿದು, ಗಾಜು ಕೊಯ್ಯುವ ಕಡ್ಡಿಯಿಂದ ಸರ್‍ರೆಂದು ಒಂದೇ ಗೆರೆ ಎಳೆದ.

"ಭಾನುವಾರ ಬರ್ತೀರಲ್ಲ ಯಜಮಾನ್ರೇ?" ಎಂದು ಅವರು ಕೇಳಿದರು.

"ಇನ್ನು ಐದೇ ವಾರ ಅಯ್ಯನವರೇ. ಮುಂದಕ್ಕೆ ಹಾಕು ಅಂದೆ, ಕೇಳ್ತಿಲ್ಲ."

"ಏಳು ವರ್ಷ ಅಂತ ನಿಮಗೆ ಹೇಳಿದ್ಯಾರು?"

"ನಾನೇ ಅಂದ್ಕೊಂಡೆ."

"ದೇವರಿಗೆ ತಿಳಿಸಿದೀರಾ?"

ನೀರಣ್ಣ ನಗಲಿಲ್ಲ. ಹಾಳೆಯ ಅಂಚನ್ನು ಮೇಜಿನಿಂದ ಆಚೆ ಚಾಚಿ, ಎರಡೂ ಕೈಯಿಂದ ಮೆಲ್ಲಗೆ ಒತ್ತಿದ. ಗಾಜು ಟಪ್ಪೆಂದು ಗೆರೆಯ ಉದ್ದಕ್ಕೂ ಬಿಟ್ಟುಕೊಂಡಿತು.

ಅಯ್ಯನವರಿಗೆ ಪ್ರಸಂಗ ಮಾಡಿ ಅಭ್ಯಾಸ, ಸುಮ್ಮನಿರಲಾಗಲಿಲ್ಲ. "ನೋಡಿ, ನಿಮ್ಮ ಮೊಮ್ಮಗಳಿಗೆ ಇನ್ನೂ ಕತ್ತು ನಿಲ್ಲಲ್ಲ. ಅದು ಏನು ಸಾಧಿಸಿದೆ ಅಂತ ನಾನು ದೀಕ್ಷಾಸ್ನಾನ ಕೊಡ್ತಿದೀನಿ? ಅದಕ್ಕೂ ಒಂದು ಬಿಲ್ಲೆ ಕೊಟ್ಟು, ಐವತ್ತೆರಡು ವಾರ ಹಟ ಮಾಡ್ದೆ ಇರು, ಆಮೇಲೆ ನೋಡೋಣ ಅನ್ಲಾ? ದೇವರ ಕೃಪೆ ಹಾಗೆ ಬರಲ್ಲ ಯಜಮಾನ್ರೇ. ಅದು ಸುಮ್ನೆ ಬರುತ್ತೆ."

"ಆ ಕೂಸು ಯಾರ ಕೈಯನ್ನೂ ಸೀಳಿಲ್ಲ ಅಯ್ಯನವರೇ" ಎಂದ ನೀರಣ್ಣ.

ಅಯ್ಯನವರು ಗಾಜನ್ನು ಹಳೆಯ ಪೇಪರಿನಲ್ಲಿ ಸುತ್ತಿಸಿಕೊಂಡು, ದುಡ್ಡು ಮೇಜಿನ ಮೇಲಿಟ್ಟು ಹೊರಟುಹೋದರು.

ಶುಕ್ರವಾರ ಬೆಳಿಗ್ಗೆ ಹೆಂಡತಿಯ ಸರದಿ. ಅವಳು ಔಷಧಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ಮಾತೆಂದರೆ ಮಾತ್ರೆ ಕೊಟ್ಟ ಹಾಗೆ, ಎಷ್ಟು ಬೇಕೋ ಅಷ್ಟೇ. ಅವತ್ತು ಮಾತ್ರ ಚೀಲ ಹೆಗಲಿಗೆ ಹಾಕಿಕೊಂಡವಳು ಬಾಗಿಲಲ್ಲೇ ನಿಂತಳು.

"ರೀ, ಅವಳು ಇವತ್ತು ಸಾಯಂಕಾಲ ಮಗು ಕರ್ಕೊಂಡು ಮನೆಗೆ ಬರ್ತಾಳೆ. ನೀವು ಅಂಗಡೀಲೇ ಮಲಗ್ತೀನಿ ಅಂತ ನಿನ್ನೆ ಚಾಪೆ ತೆಗೆದಿಟ್ಟಿದ್ದು ನೋಡ್ದೆ. ನಿಜಾನಾ?"

"ಇನ್ನು ಐದು ವಾರ ಅವಳ ಮುಖ ನೋಡೋ ಯೋಗ್ಯತೆ ನಂಗಿಲ್ಲ."

"ಯೋಗ್ಯತೆ! ಏಳು ವರ್ಷದಿಂದ ಅವಳು ಬಾ ಬಾ ಅಂತ ಕರೀತಾನೇ ಇದಾಳೆ. ನೀವು ಒಳ್ಳೆಯವರಾಗ್ತಿರೋದು ಅವಳಿಗೋಸ್ಕರ ಅಲ್ಲ ಕಣ್ರೀ, ಆ ಬಿಲ್ಲೆಗೋಸ್ಕರ. ಅಪ್ಪನಿಗೆ ನಾನು ಬೇಡವಾದೆ ಅಂತ ಅವಳು ಎಷ್ಟು ಸಲ ನನ್ನ ಹತ್ರ ಅತ್ತಿದಾಳೆ ಗೊತ್ತಾ?"

ಅವನು ಬಾಟಲಿ ತೆಗೆದು ಬಾಯಿಗೆ ನೀರು ಸುರಿದುಕೊಂಡ.

"ನುಂಗಿ. ನುಂಗಿ ಮಾತಾಡಿ."

ಅವನು ನುಂಗಲಿಲ್ಲ. ಅವಳು ಆ ಉಬ್ಬಿದ ಕೆನ್ನೆಗಳನ್ನು ಸ್ವಲ್ಪ ಹೊತ್ತು ನೋಡಿದಳು. "ಇಪ್ಪತ್ತು ವರ್ಷ ಬೆಂಕಿ ಜೊತೆ ಬಾಳಿದೆ, ಏಳು ವರ್ಷ ಗೋಡೆ ಜೊತೆ. ಎರಡರಲ್ಲಿ ಯಾವುದು ವಾಸಿ ಅಂತ ಮಾತ್ರ ನನ್ನ ಕೇಳ್ಬೇಡಿ" ಎಂದು ಮೆಟ್ಟಿಲಿಳಿದು ಹೋದಳು. ಅವನು ನೀರು ನುಂಗಿದ. ಅವಳ ಮಾತು ಎಲ್ಲಾದರೂ ಚುಚ್ಚಿತೇ ಎಂದು ಒಳಗೆ ತಡಕಾಡಿ ನೋಡಿದ. ಎಲ್ಲೂ ಏನೂ ಸಿಗಲಿಲ್ಲ. ಚಾಪೆ ಸುತ್ತಿಕೊಂಡು ಅಂಗಡಿಗೆ ಹೋದ.

ಶನಿವಾರ ಬೆಳಿಗ್ಗೆ ಕೂಟದಲ್ಲಿ ಬಿಲ್ಲೆಯನ್ನು ನಲವತ್ತೆಂಟನೇ ಮೊಳೆಗೆ ಹಾಕಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಇನ್ನು ನಾಲ್ಕೇ ಉಳಿದದ್ದು ಎಂದು ದರ್ಜಿ ಅವನ ಬೆನ್ನು ತಟ್ಟಿದ. ದರ್ಜಿಯ ಬಾಯಿ ಆಗಲೇ ಘಮಘಮ ಎನ್ನುತ್ತಿತ್ತು. ನೀರಣ್ಣ ಅಂಗಡಿಗೆ ಬಂದು ಬಾಗಿಲು ತೆಗೆದು, ಯಾರದೋ ಬಚ್ಚಲುಮನೆಗೆ ಬೇಕಾದ ಕನ್ನಡಿಯ ಅಂಚು ಉಜ್ಜಲು ಕೂತ.

ಹನ್ನೊಂದರ ಹೊತ್ತಿಗೆ ಬಾಗಿಲಲ್ಲಿ ನೆರಳಾಯಿತು. ತಲೆ ಎತ್ತಿದರೆ ಮಗಳು, ಕೂಸನ್ನು ಮನೆಯಲ್ಲಿ ತಾಯಿಯ ಹತ್ತಿರ ಬಿಟ್ಟು ಒಬ್ಬಳೇ ಬಂದಿದ್ದಳು.

ದಪ್ಪಗಾಗಿದ್ದಳು. ಕಣ್ಣ ಸುತ್ತ ಕಪ್ಪು, ನಿದ್ದೆಗೆಟ್ಟ ಮುಖ. ಬಲಗೈಯ ಕೊನೆಯ ಎರಡು ಬೆರಳು ನೆಟ್ಟಗೆ ನಿಂತಿದ್ದವು. ಏಳು ವರ್ಷ ತುಂಬುವ ಮೊದಲೇ ಇಂಥದ್ದೊಂದು ಗಳಿಗೆ ಬಂದರೆ ಏನು ಮಾಡಬೇಕೆಂದು ಅವನು ಒಂದು ಸಲವೂ ಯೋಚಿಸಿರಲಿಲ್ಲ, ಯಾಕೆಂದರೆ ಅವನ ಪ್ರಕಾರ ಅದು ಬರಬೇಕಾದದ್ದು ನಾಲ್ಕು ವಾರ ಬಿಟ್ಟು. ಕೈ ತಾನಾಗಿ ಮೇಜಿನ ಕೆಳಗೆ ಹೋಗಿ ಬಾಟಲಿ ತೆಗೆಯಿತು. ಬಾಯಿ ತುಂಬ ನೀರು ತುಂಬಿಕೊಂಡ.

"ಓ, ಇದೇನಾ ಅದು? ಅಮ್ಮ ಹೇಳಿದ್ರು. ನಾನು ನಂಬಿರ್ಲಿಲ್ಲ" ಎಂದಳು ಮಗಳು.

ಅವನು ಕಣ್ಣು ಮಿಟುಕಿಸಿದ.

"ಸರಿ, ನೀನು ಮಾತಾಡ್ಬೇಡ, ನಾನೇ ಮಾತಾಡ್ತೀನಿ. ಮದುವೆಗೆ ಬಾ ಅಂದ್ರೆ ಕನ್ನಡಿ ಕಳಿಸ್ದೆ. ಅದರ ಕಾಗದ ಕೂಡ ನಾನು ಬಿಚ್ಚಿಲ್ಲ ಅಪ್ಪ, ಮಂಚದ ಕೆಳಗೆ ಬಿದ್ದಿದೆ. ನೀನು ಬರೋ ಬದಲು ನಾನು ನನ್ನ ಮುಖ ನೋಡ್ಕೊಂಡು ಕೂರ್ಬೇಕಿತ್ತಾ? ಈಗ ಮಗು ಎತ್ಕೋ ಅಂದ್ರೆ ಐದು ವಾರ ಬಿಟ್ಟು ಬಾ ಅಂತೀಯ. ನಾಳೆ ಒಂಬತ್ತು ಗಂಟೆಗೆ ನೀನು ಬರ್ಲಿಲ್ಲ ಅಂದ್ರೆ ಚಿಕ್ಕಪ್ಪ ಎತ್ಕೊಳ್ತಾರೆ. ಆಮೇಲೆ ನಾನು ಈ ಊರಿಗೆ ಕಾಲಿಡಲ್ಲ. ಅವಳಿಗೆ ತಾತ ಇದಾರೆ ಅಂತ ಹೇಳೋದೂ ಇಲ್ಲ."

ಅವನಿಗೆ ಎಲ್ಲವೂ ಕೇಳಿಸುತ್ತಿತ್ತು. ದೂರದ ಅಂಗಡಿಯ ರೇಡಿಯೋ ಕೇಳಿಸಿದ ಹಾಗೆ ಕೇಳಿಸುತ್ತಿತ್ತು. ಕೆನ್ನೆ ನೋಯತೊಡಗಿತು. ಮಗಳು ನಿಲ್ಲಲಾರದೆ ಆಚೀಚೆ ನೋಡಿ, ಗೋಡೆಗೆ ಒರಗಿಸಿಟ್ಟ ದೊಡ್ಡ ಗಾಜಿನ ಹಾಳೆಗಳ ಪಕ್ಕದಲ್ಲಿದ್ದ ಸ್ಟೂಲಿನ ಮೇಲೆ ಕೂತು, ಆಯಾಸಕ್ಕೆ ಹಿಂದಕ್ಕೆ ಒರಗಿದಳು. ಹಾಳೆಗಳು ಕಿರ್ರೆಂದವು.

"ಏಳೇ ಅಲ್ಲಿಂದ!"

ನೀರು ಮೇಜಿನ ತುಂಬ, ಕನ್ನಡಿಯ ತುಂಬ, ಅವನ ಅಂಗಿಯ ತುಂಬ ಎರಚಿತು. ಅವಳು ಹೌಹಾರಿ ಎದ್ದಳು. ಅಲ್ಲಿಗೆ ನಿಂತಿದ್ದರೆ ಹೆದರಿದ ತಂದೆಯೊಬ್ಬನ ಕೂಗು ಎನ್ನಬಹುದಿತ್ತು. ಆದರೆ ಅದು ನಿಲ್ಲಲಿಲ್ಲ. ಏಳು ವರ್ಷ ಮುಚ್ಚಿದ್ದ ಬಾಯಿ ಒಮ್ಮೆ ತೆರೆದದ್ದೇ ತಡ, ಬಾಯಿಗೆ ಬಂದದ್ದೆಲ್ಲ ಹೊರಬಿತ್ತು. ಗಾಜಿನ ಹತ್ರ ಕೂರಬೇಡ ಅಂತ ಎಷ್ಟು ಸಲ ಬಡ್ಕೊಂಡಿದೀನಿ, ಹೇಳಿದ ಮಾತು ಒಂದು ದಿನ ಕೇಳಿದೀಯಾ, ಒಂದು ಅಳತೆ ನೆಟ್ಟಗೆ ಬರೆಯೋಕೆ ಬಂತಾ ನಿಂಗೆ, ಮೂರು ಗಾಜು, ಮೂರು ಗಾಜು ಹಾಳು ಮಾಡಿದವಳು ನೀನು, "ಒಂದು ಬೆರಳಗಲ ನೋಡೋಕೆ ಕಣ್ಣಿಲ್ವಾ ನಿಂಗೆ!"

ಅದೇ ಮಾತು, ಅದೇ ದನಿ. ಅದನ್ನು ಅವನ ಕಿವಿಯೇ ಮೊದಲು ಗುರುತಿಸಿತು. ಬಲಗೈ ಮೇಲೆದ್ದಿತ್ತು. ಅದನ್ನು ಇಳಿಸಿ, ಮೇಜಿನ ಮೇಲೆ ಇಟ್ಟು, ಎಡಗೈಯಿಂದ ಒತ್ತಿ ಹಿಡಿದುಕೊಂಡ. ಎದುರಂಗಡಿಯವನು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ಬಾಗಿಲಿಗೆ ಬಂದು ಇಣುಕಿ, ಮುಖ ನೋಡಿ, ಹಿಂದೆ ಸರಿದ.

ಮಗಳು ಬಿಳಿಚಿಕೊಂಡು ಮೇಜಿನ ಆಚೆಗೆ, ಬಾಗಿಲ ಪಕ್ಕಕ್ಕೆ ಹೋಗಿದ್ದಳು. ಹೊರಗೆ ಕಾಲಿಡಲು ಒಂದೇ ಹೆಜ್ಜೆ ಉಳಿದಿತ್ತು. ಇಡಲಿಲ್ಲ.

"ಮುಗೀತಾ?" ಎಂದಳು.

"ಎಲ್ಲ ಹಾಗೇ ಇದೆ" ಎಂದ ಅವನು. ಅವನ ದನಿಯಲ್ಲಿ ಕೋಪಕ್ಕಿಂತ ಆಶ್ಚರ್ಯವೇ ಹೆಚ್ಚಿತ್ತು. "ಒಂದಿಷ್ಟೂ ಹೋಗಿಲ್ಲ. ಆರು ವರ್ಷ, ನಲವತ್ತೆಂಟು ವಾರ. ಎಲ್ಲ ಹಾಗೇ ಇದೆ ಪುಟ್ಟಿ. ನೀನು ಹೋಗು. ಮಗೂನ ಕರ್ಕೊಂಡು ಹೊರಟುಹೋಗು."

ಅವಳು ಹೋಗುವ ಬದಲು ಬಾಗಿಲಿನ ಚೌಕಟ್ಟಿಗೆ ತಲೆ ಒರಗಿಸಿದಳು. ಬೀದಿಯ ಕಡೆ ನೋಡುತ್ತಾ ಹೇಳಿದಳು.

"ಹೋದ ವಾರ ಮಧ್ಯಾಹ್ನ ಅವಳು ಮೂರು ಗಂಟೆ ಹೊತ್ತು ಅತ್ಲು. ಹಾಲು ಕೊಟ್ರೆ ಕುಡೀತಿಲ್ಲ, ತೂಗಿದ್ರೆ ಮಲಗ್ತಿಲ್ಲ. ನಾನು ಅವಳನ್ನ ಎತ್ತಿ ಹಾಸಿಗೆ ಮೇಲೆ ಎಸೆದೆ ಅಪ್ಪ. ಇಟ್ಟಿದ್ದಲ್ಲ, ಎಸೆದಿದ್ದು. ಮೆತ್ತನೆ ಹಾಸಿಗೆ, ಏನೂ ಆಗ್ಲಿಲ್ಲ. ಡಾಕ್ಟರ ಹತ್ರ ತೋರಿಸ್ದೆ, ಸುಮ್ನೆ ತೋರಿಸ್ತಿದೀನಿ ಅಂದೆ. ಅವರಿಗೂ ಹೇಳ್ಲಿಲ್ಲ, ನನ್ನ ಗಂಡನಿಗೂ ಹೇಳಿಲ್ಲ. ಅಮ್ಮನಿಗೆ ಹೇಳಿದ್ರೆ ಎದೆ ಒಡ್ಕೊಳ್ತಾರೆ. ನಿಂಗೇ ಮೊದಲು ಹೇಳ್ತಿರೋದು."

ಅವನು ಬಾಟಲಿಯನ್ನು ಮೇಜಿನಿಂದ ತೆಗೆದು ನೆಲದ ಮೇಲಿಟ್ಟ.

"ನಿಂಗೆ ಏಳು ವರ್ಷ ದೂರ ಇರೋಕಾಯ್ತು. ನಂಗೆ ಆಗಲ್ಲ. ಅವಳಿಗೆ ಎರಡು ಗಂಟೆಗೊಂದ್ಸಲ ಹಾಲು ಕುಡಿಸ್ಬೇಕು. ಎಸೆದ ಕೈಯಲ್ಲೇ ಎತ್ಕೋಬೇಕು. ಒಳ್ಳೆಯವಳಾಗಿ ಬರ್ತೀನಿ ಅಲ್ಲೀವರೆಗೂ ಕಾಯ್ತಾ ಇರು ಅಂದ್ರೆ ಅವಳು ಹಸಿವಿಗೆ ಸತ್ತೇ ಹೋಗ್ತಾಳೆ."

"ಆಮೇಲೆ ಏನಾಯ್ತು?" ಎಂದು ಅವನು ಕೇಳಿದ. "ಹಾಸಿಗೆ ಮೇಲೆ ಬಿದ್ದಮೇಲೆ?"

"ಅತ್ಲು. ನಾನು ಎತ್ಕೊಂಡೆ. ಅವಳು ನನ್ನ ಕುತ್ತಿಗೇಲಿ ಮುಖ ಹುದುಗಿಸ್ಕೊಂಡು ಹಾಗೇ ನಿದ್ದೆಹೋದ್ಲು. ಬೇರೆ ಯಾರೋ ಎಸೆದಿದ್ರು, ನಾನು ಬಂದು ಕಾಪಾಡ್ದೆ ಅನ್ನೋ ಥರ." ಅವಳು ಅವನ ಕಡೆ ತಿರುಗಿದಳು. "ಅದಕ್ಕೇ ನಿನ್ನ ಹತ್ರ ಬಂದೆ. ಈ ಕೋಪ ಗೊತ್ತಿರೋದು ನಿಂಗೊಬ್ಬನಿಗೇ. ನೀನು ಗೆದ್ದುಬಿಟ್ಟಿದೀಯ ಅಂತ ಎಲ್ಲರೂ ಅಂತಾರೆ. ಹೇಗೆ ಅಂತ ಕೇಳೋಣ ಅಂತ ಬಂದೆ."

"ಗೆದ್ದಿಲ್ಲ. ನೋಡಿದ್ಯಲ್ಲ."

"ನೋಡ್ದೆ."

ಮೇಜಿನ ಮೇಲಿಂದ ನೀರು ಅವನ ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು. ತಣ್ಣಗಿತ್ತು. ಅದು ತಣ್ಣಗಿದೆ ಎಂದು ಗೊತ್ತಾಗಿ ಅವನಿಗೆ ವಿಚಿತ್ರವೆನಿಸಿತು. ಏಳು ವರ್ಷ ಅವನು ಮನಸ್ಸಿನಲ್ಲಿ ಉಜ್ಜಿ ಉಜ್ಜಿ ಇಟ್ಟುಕೊಂಡಿದ್ದ ದೊಡ್ಡ ದೊಡ್ಡ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ.

"ತಪ್ಪಾಯ್ತು ಪುಟ್ಟಿ. ಅವತ್ತಿನ್ದೂ, ಮದುವೇದೂ, ಈಗ ಕೂಗಿದ್ದೂ. ಹೊಟ್ಟೆಗೆ ಹಾಕ್ಕೋ."

"ಹಾಕ್ಕೊಂಡು ಏಳು ವರ್ಷ ಆಯ್ತಲ್ಲ" ಎಂದಳು ಅವಳು, ಇದನ್ನೂ ಕೇಳಬೇಕೇ ಎನ್ನುವ ಹಾಗೆ. "ಆಸ್ಪತ್ರೇಲಿ ಎರಡನೇ ದಿನಾನೇ. ನೀನು ಮೆಟ್ಟಿಲ ಮೇಲೆ ಕೂತಿದೀಯ ಅಂತ ಅಮ್ಮ ಹೇಳಿದ್ರು. ಈಗ ಬರ್ತಾನೆ, ಈಗ ಬರ್ತಾನೆ ಅಂತ ಬಾಗಿಲು ನೋಡ್ಕೊಂಡೇ ಮಲಗಿದ್ದೆ. ನೀನೇ ಬರ್ಲಿಲ್ಲ."

ಆಗ ಅವನಿಗೆ ನೋವಾಯಿತು. ಎಲ್ಲಿ ಎಂದು ತಡಕಾಡಬೇಕಾಗಲಿಲ್ಲ. ಆ ಮೂರು ದಿನ, ಹನ್ನೆರಡು ಮೆಟ್ಟಿಲು ಹತ್ತಿದ್ದರೆ ಮುಗಿಯುತ್ತಿತ್ತು. ತಾನು ಕಾಲಲ್ಲಿ ಬಲವಿದ್ದೂ ಹತ್ತದೆ ಉಳಿದು, ಆಮೇಲೆ ಅದಕ್ಕೆ ಪಶ್ಚಾತ್ತಾಪ ಎಂದು ಹೆಸರಿಟ್ಟುಕೊಂಡೆ ಎಂದು ಅವನಿಗೆ ಹೊಳೆಯಿತು. ನಾಚಿಕೆಯಿಂದ ಮುಖ ಸುಟ್ಟುಹೋದಂತಾಯಿತು. ಸ್ಟೂಲು ಎಳೆದುಕೊಂಡು ಕೂತ. ಮಗಳು ಮೂಲೆಯಲ್ಲಿದ್ದ ಬಟ್ಟೆ ತಂದು ಮೇಜು ಒರೆಸಿದಳು.

ಭಾನುವಾರ ಅವನು ಎಲ್ಲರಿಗಿಂತ ಮೊದಲು ಚರ್ಚಿಗೆ ಹೋದ. ಅಯ್ಯನವರ ಕೋಣೆಗೆ ನುಗ್ಗಿ ಬಿಲ್ಲೆ ತೆಗೆದು ಒಂದನೇ ಮೊಳೆಗೆ ಹಾಕಿದ. ದರ್ಜಿಯ ಬಿಲ್ಲೆ ಅಲ್ಲಿ ಆಗಲೇ ಇತ್ತು. ಹಾರ್ಮೋನಿಯಂ ಒರೆಸುತ್ತಿದ್ದ ದರ್ಜಿ ಬಾಯಿ ತೆರೆದುಕೊಂಡು ನೋಡಿದ, ಆಮೇಲೆ "ಬಾ ಅಣ್ಣ, ಇಲ್ಲಿ ಜಾಗಕ್ಕೇನೂ ಕಮ್ಮಿ ಇಲ್ಲ" ಎಂದ. ನೀರಣ್ಣನಿಗೆ ನಗು ಬರಲಿಲ್ಲ, ಅಷ್ಟು ಬೇಗ ಅದು ಬರುವಂಥದ್ದೂ ಅಲ್ಲ. ರಾತ್ರಿಯಿಡೀ ನಿದ್ದೆಯಿಲ್ಲದೆ ಮೈ ಮತ್ತೆ ಮರಗಟ್ಟಿದಂತಿತ್ತು. ಕಾಲು ಹೇಳಿದ ಕಡೆಗೆ ಹೋಗುತ್ತಿತ್ತು, ಅಷ್ಟೇ.

ಹಾಡು ಮುಗಿದ ಮೇಲೆ ಮಗಳು ಕೂಸನ್ನು ಅವನ ಕೈಗಿಟ್ಟಳು. ಇಟ್ಟ ಮೇಲೂ ಅವಳು ಒಂದು ಗಳಿಗೆ ಕೈ ತೆಗೆಯಲಿಲ್ಲ, ಯಾಕೆಂದು ಅವನಿಗೆ ಮಾತ್ರ ಗೊತ್ತಿತ್ತು. ಕೂಸು ಅವನು ಅಂದುಕೊಂಡದ್ದಕ್ಕಿಂತ ಹಗುರವಿತ್ತು. ಅವನು ಗಾಜು ಹೊರುವವನ ಹಾಗೆ, ಉಸಿರು ಬಿಗಿಹಿಡಿದು, ಸಾಲುಗಳ ನಡುವೆ ನಡೆದು ಮುಂದೆ ಹೋಗಿ ನಿಂತ. ಒಂದು ಪಕ್ಕ ಮಗಳು, ಅವಳ ಪಕ್ಕ ಅಳಿಯ, ಇನ್ನೊಂದು ಪಕ್ಕ ಹೆಂಡತಿ.

ಅಯ್ಯನವರು ಪುಸ್ತಕ ತೆರೆದು ಒಂದೊಂದಾಗಿ ಕೇಳತೊಡಗಿದರು. ದೇವರನ್ನು ನಂಬುವಿರಾ? ನಂಬುತ್ತೇವೆ. ಈ ಮಗುವನ್ನು ಆತನ ಮಾರ್ಗದಲ್ಲಿ ಬೆಳೆಸುವಿರಾ? ಬೆಳೆಸುತ್ತೇವೆ. ಪುಸ್ತಕದಲ್ಲಿದ್ದ ಉತ್ತರಗಳನ್ನು ನೀರಣ್ಣ ಎಲ್ಲರ ಜೊತೆ ಹೇಳಿದ. ಕೊನೆಗೆ ಅಯ್ಯನವರು ಅವನನ್ನೇ ನೋಡುತ್ತಾ ಕೇಳಿದರು, ಮಗುವಿನ ಪರವಾಗಿ ಹಿರಿಯನೊಬ್ಬನೇ ಉತ್ತರಿಸಬೇಕಾದ ಪ್ರಶ್ನೆ ಅದು: "ಪಾಪವನ್ನು ತೊರೆದು, ಅದನ್ನು ಜಯಿಸಿ ನಡೆಯುವಿರಾ?"

ನಡೆಯುತ್ತೇನೆ ಎಂದು ಪುಸ್ತಕದಲ್ಲಿತ್ತು. ಅವನು ಬಾಯಿ ತೆರೆದ. ಅಷ್ಟು ಜನರ ಎದುರು, ದೇವರ ಎದುರು, ಕೈಯಲ್ಲಿ ಆ ಕೂಸನ್ನು ಹಿಡಿದುಕೊಂಡು, ಆ ಮಾತು ಹೇಳಲು ಅವನಿಗೆ ಧೈರ್ಯ ಸಾಲಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಹೆಂಡತಿ ಮೊಣಕೈಯಿಂದ ತಿವಿದಳು.

"ನನ್ನಿಂದ ಆಗಲಿಲ್ಲ" ಎಂದ ಅವನು. ಮೆಲ್ಲಗೇ ಹೇಳಿದ್ದು, ಆದರೆ ಚರ್ಚು ನಿಶ್ಶಬ್ದವಾಗಿದ್ದರಿಂದ ಕೊನೆಯವರೆಗೂ ಕೇಳಿಸಿತು.

ಅವನಿಗೆ ಮಗಳ ಕಡೆ ನೋಡಲಾಗಲಿಲ್ಲ. ಎಲ್ಲ ಕೆಡಿಸಿದೆ, ಇನ್ನು ಚಿಕ್ಕಪ್ಪನನ್ನೇ ಕರೆಯುತ್ತಾರೆ ಎಂದುಕೊಂಡ.

"ನನ್ನಿಂದಲೂ ಆಗಲಿಲ್ಲ" ಎಂದಳು ಮಗಳು ಅವನ ಪಕ್ಕದಲ್ಲಿ.

ಅಯ್ಯನವರು ಪುಸ್ತಕದ ಕಡೆ ನೋಡಿದರು. ಇಂಥ ಉತ್ತರ ಬಂದರೆ ಮುಂದೇನು ಓದಬೇಕೆಂದು ಅದರಲ್ಲಿ ಎಲ್ಲೂ ಬರೆದಿರಲಿಲ್ಲ. ಅವರು ಅದನ್ನು ಮುಚ್ಚಿ ಪಕ್ಕಕ್ಕಿಟ್ಟು, ಅಂಗಿಯ ತೋಳು ಮಡಚಿಕೊಂಡು, ಎರಡೂ ಕೈ ಚಾಚಿದರು.

"ಸರಿ, ಮಗುವನ್ನ ಕೊಡಿ" ಎಂದರು.